ಟೆಕ್ಸಾಸಿನಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾದರೆ ಶಾಲೆ ನಡೆಯುವುದು ಯಾರ ದುಡ್ಡಲ್ಲಿ?

ತಮ್ಮಾ, ನಿನ್ನ ಪತ್ರ ಓದಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲೂ ಡಲ್ಲಾಸಿನಲ್ಲೂ ಕೆಲಸ ಸಿಕ್ಕಿದೆ, ಟೆಕ್ಸಾಸಿನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಸೊನ್ನೆಯಂತೆ, ಅಷ್ಟೂ ಉಳಿತಾಯ ತಾನೇ ಅಕ್ಕಾ ಎಂದು ಕೇಳಿದ್ದೀಯ. ನಾಲ್ಕು ವರ್ಷದ ಮಗಳಿದ್ದಾಳೆ, ಮುಂದೆ ಅಮ್ಮನನ್ನೂ ಕರೆಸಿಕೊಳ್ಳಬೇಕು ಎಂದೂ ಬರೆದಿದ್ದೀಯ. ಡಲ್ಲಾಸಿನ ಉತ್ತರಕ್ಕಿರುವ ಪ್ಲೇನೋದಲ್ಲಿ ನಾನು ಹದಿನಾರು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಸಂಬಳದ ಚೀಟಿ ನೋಡುವ ಮೊದಲು ಮಗಳ ಲೆಕ್ಕ ಹಾಕು ಅನ್ನುವುದು ನನ್ನ ಮಾತು.

ಸೊನ್ನೆ ಅನ್ನುವುದು ನಿಜ. 2019ರಲ್ಲಿ ಇಲ್ಲಿನ ಮತದಾರರು ರಾಜ್ಯದ ಸಂವಿಧಾನವನ್ನೇ ತಿದ್ದಿ ವೈಯಕ್ತಿಕ ಆದಾಯ ತೆರಿಗೆಗೆ ಬಾಗಿಲು ಹಾಕಿದರು. ಆದರೆ ಶಾಲೆ, ರಸ್ತೆ, ಲೈಬ್ರರಿ ದುಡ್ಡಿಲ್ಲದೆ ನಡೆಯುವುದಿಲ್ಲವಲ್ಲ. ಆ ದುಡ್ಡು ಬರುವುದು ಅಂಗಡಿಯ ಬಿಲ್ಲಿನಿಂದ ಮತ್ತು ಮನೆಯಿಂದ. ಊರಲ್ಲಿ ನಾವು ಕಟ್ಟುವ ಕಂದಾಯ ಪಾಲಿಕೆಗೆ ಹೋಗುತ್ತದೆ, ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ವಿಧಾನಸೌಧದ ಬಜೆಟ್ಟಿನಿಂದ ಬರುತ್ತದೆ. ಇಲ್ಲಿ ಶಾಲೆಗೆ ಅಂತಲೇ ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಬೇರೆ ಆಡಳಿತವಿದೆ, ನಿನ್ನ ಮನೆಯ ಮೇಲೆ ಅದೇ ತೆರಿಗೆ ಹಾಕುತ್ತದೆ. 5 ಲಕ್ಷ ಡಾಲರಿನ ಮನೆಗೆ ನಮ್ಮ ಕಡೆ ವರ್ಷಕ್ಕೆ ಆರರಿಂದ ಏಳು ಸಾವಿರ ಡಾಲರ್ ಕಟ್ಟಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗೇ. ಇದು ಸ್ವಂತ ಮನೆಯಲ್ಲೇ ವಾಸವಿರುವವರಿಗೆ ಸಿಗುವ ರಿಯಾಯಿತಿ ಕಳೆದ ಲೆಕ್ಕ. ಬಾಡಿಗೆ ಮನೆಯ ಮಾಲೀಕರಿಗೆ ಆ ರಿಯಾಯಿತಿ ಇಲ್ಲ, ಅವರು ತೆರಿಗೆಯನ್ನು ಬಾಡಿಗೆಯಲ್ಲೇ ಸೇರಿಸುತ್ತಾರೆ. ಹಾಗಾಗಿ ಮನೆ ಕೊಳ್ಳುವತನಕ ಈ ತೆರಿಗೆ ನನಗಿಲ್ಲ ಎಂದುಕೊಳ್ಳಬೇಡ.

ಮನೆಯ ಬೆಲೆ ಹೆಚ್ಚಿರುವ ಕಡೆ ಈ ತೆರಿಗೆಯಿಂದ ಶಾಲೆಗೆ ಬರುವ ದುಡ್ಡು ಹೆಚ್ಚು, ಬಡವರ ಕೇರಿಯಲ್ಲಿ ಕಡಿಮೆ. ಈ ಅನ್ಯಾಯದ ವಿರುದ್ಧ ಸ್ಯಾನ್ ಆಂಟೋನಿಯೋದ ಎಡ್ಜ್‌ವುಡ್ ಎಂಬ ಬಡ ಡಿಸ್ಟ್ರಿಕ್ಟಿನ ತಂದೆತಾಯಂದಿರು ವರ್ಷಾನುಗಟ್ಟಲೆ ಕೋರ್ಟಿಗೆ ಅಲೆದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5-4ರಲ್ಲಿ ಸೋತರು. 1989ರಲ್ಲಿ ಟೆಕ್ಸಾಸಿನದೇ ಸುಪ್ರೀಂ ಕೋರ್ಟ್ ಎಡ್ಜ್‌ವುಡ್ ಪರ ನಿಂತು, ಈ ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು. 1993ರ ಕಾನೂನಿನಂತೆ ಆಸ್ತಿವಂತ ಡಿಸ್ಟ್ರಿಕ್ಟುಗಳು ತಮ್ಮ ಪಾಲಿಗೆ ಮಿಕ್ಕಿದ್ದನ್ನು ರಾಜ್ಯಕ್ಕೆ ಒಪ್ಪಿಸಬೇಕು. ಜನ ಅದನ್ನು ರಾಬಿನ್ ಹುಡ್ ಎನ್ನುತ್ತಾರೆ. ಆಸ್ಟಿನ್, ಪ್ಲೇನೋ ಎರಡೂ ಕೊಡುವ ಕಡೆಯವು. 'ನಮ್ಮ ಮಕ್ಕಳ ದುಡ್ಡು ಬೇರೆಯವರಿಗೆ ಹೋಯಿತು' ಎಂದು ನಮ್ಮವರೇ ಗೊಣಗುವುದನ್ನು ನೀನೂ ಕೇಳುತ್ತೀಯ. ನನಗಂತೂ ಆ ಗೊಣಗಾಟ ಒಪ್ಪಿಗೆಯಿಲ್ಲ. ಎಡ್ಜ್‌ವುಡ್ಡಿನ ಮಗುವಿಗೂ ಒಳ್ಳೆಯ ಟೀಚರ್ ಬೇಕು. ನನಗೆ ಬೇಸರ ತರಿಸುವುದು ಬೇರೆ: ಒಬ್ಬ ವಿದ್ಯಾರ್ಥಿಗೆ ಇಂತಿಷ್ಟು ಎಂದು ರಾಜ್ಯ ನಿಗದಿಮಾಡುವ ಮೂಲ ಮೊತ್ತ 2019ರಿಂದ 2025ರವರೆಗೆ 6,160 ಡಾಲರಿನಲ್ಲೇ ನಿಂತಿತ್ತು. ಅಷ್ಟರಲ್ಲಿ ಬೆಲೆಗಳೆಲ್ಲ ಎಲ್ಲಿಗೆ ಹೋದವು ನೋಡು. ಇಲ್ಲಿನ ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ, 140 ದಿನ, ಬಜೆಟ್ಟೂ ಎರಡು ವರ್ಷದ್ದು. ಆ 140 ದಿನದಲ್ಲಿ ಆಗದ್ದಕ್ಕೆ ಸಾಮಾನ್ಯವಾಗಿ ಮುಂದಿನ ಬೆಸ ವರ್ಷದವರೆಗೆ ಕಾಯಬೇಕು.

ಇನ್ನು ನಿನ್ನ ಮಗಳು. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಈಗ ಪುಕ್ಕಟೆ ತರಗತಿ ಇದೆ. ಟೆಕ್ಸಾಸಿನಲ್ಲಿ ಪ್ರೀ-ಕೆ ಎಂಬ ಆ ವಯಸ್ಸಿನ ತರಗತಿ ಎಲ್ಲರಿಗೂ ಪುಕ್ಕಟೆಯಲ್ಲ, ಬಡ ಕುಟುಂಬದ ಮಕ್ಕಳಂಥ ಕೆಲವು ಗುಂಪುಗಳಿಗೆ ಮಾತ್ರ. ಆದರೆ ಆ ಗುಂಪುಗಳಲ್ಲಿ ಇಂಗ್ಲಿಷ್ ಬಾರದ ಮಕ್ಕಳೂ ಸೇರಿದ್ದಾರೆ! ಮನೆಯಲ್ಲಿ ಯಾವ ಭಾಷೆ ಎಂದು ಕೇಳುವ ಅರ್ಜಿಯಲ್ಲಿ ನಿಜವನ್ನೇ, ಕನ್ನಡ ಎಂದೇ ಬರೆ, ಶಾಲೆಯವರು ಪರೀಕ್ಷೆ ಮಾಡುತ್ತಾರೆ. ಸಂಕೋಚಪಟ್ಟು ಇಂಗ್ಲಿಷ್ ಎಂದು ಬರೆದು, ಡೇಕೇರಿಗೆ ತಿಂಗಳು ತಿಂಗಳು ದುಡ್ಡು ಸುರಿದವರನ್ನು ನಾನು ಕಂಡಿದ್ದೇನೆ.

ಅಂಗಡಿಯ ಬಿಲ್ಲಿನಲ್ಲಿ 8.25% ಸೇಲ್ಸ್ ಟ್ಯಾಕ್ಸ್ ಕಾಣುತ್ತೀಯ. ಅಕ್ಕಿ, ಬೇಳೆ, ತರಕಾರಿಗೆ ಅದಿಲ್ಲ. 6.25% ರಾಜ್ಯಕ್ಕೆ, ಉಳಿದ 2% ಸ್ಥಳೀಯ. ಪ್ಲೇನೋದಲ್ಲಿ ಅದರ ಅರ್ಧ ನಗರಕ್ಕೆ, ಇನ್ನರ್ಧ ಡಾರ್ಟ್ ಎಂಬ ಬಸ್ಸು-ರೈಲಿನ ಸಂಸ್ಥೆಗೆ. ಪಕ್ಕದ ಫ್ರಿಸ್ಕೋದಲ್ಲೂ ಅದೇ 8.25%. ಆದರೆ ಆ ಊರು ಅದೇ ಒಂದು ಪರ್ಸೆಂಟನ್ನು ಉದ್ದಿಮೆ ತರಿಸಲು, ಊರು ಬೆಳೆಸಲು ಎತ್ತಿಟ್ಟಿದೆ. ಹಾಗಾಗಿ ಡಾರ್ಟ್ ರೈಲು ಫ್ರಿಸ್ಕೋಗೆ ಹೋಗುವುದಿಲ್ಲ, ರೆಡ್ ಲೈನ್ ಪ್ಲೇನೋದ ಪಾರ್ಕರ್ ರೋಡಿನಲ್ಲೇ ಮುಗಿಯುತ್ತದೆ. ನಿನ್ನ ಹೆಂಡತಿಗೆ ಕಾರು ಓಡಿಸಲು ಬರುವುದಿಲ್ಲವಾದರೆ ಮನೆ ಹುಡುಕುವಾಗ ಇದು ನೆನಪಿರಲಿ.

ಕ್ಯಾಲಿಫೋರ್ನಿಯಾದ ಕಥೆ ಬೇರೆ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನು ಮನೆ ತೆರಿಗೆಯನ್ನು ಕೊಂಡ ಬೆಲೆಯ 1%ಗೆ ಕಟ್ಟಿಹಾಕಿತು, ಆ ಬೆಲೆಯ ಲೆಕ್ಕ ವರ್ಷಕ್ಕೆ 2%ಗಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ರಾಜ್ಯ ಆದಾಯ ತೆರಿಗೆಯನ್ನೇ, ಅದರಲ್ಲೂ ಶ್ರೀಮಂತರ ಷೇರು ಲಾಭವನ್ನು, ನೆಚ್ಚಿಕೊಂಡಿದೆ. ಷೇರುಪೇಟೆ ಬಿದ್ದರೆ ರಾಜ್ಯದ ಬಜೆಟ್ಟೂ ಬೀಳುತ್ತದೆ: 2022ರ ಮೇ ತಿಂಗಳಲ್ಲಿ ಗವರ್ನರ್ ಸುಮಾರು 97 ಬಿಲಿಯನ್ ಡಾಲರ್ ಮಿಗತೆ ಎಂದರು, 2023ರ ಜನವರಿಗೆ 22 ಬಿಲಿಯನ್ನಿಗೂ ಮಿಕ್ಕಿದ ಕೊರತೆ.

ಅಮ್ಮನ ವಿಷಯ: ನೀನು ಸಿಟಿಜನ್ ಆಗುವವರೆಗೆ ಅವರಿಗೆ ಗ್ರೀನ್ ಕಾರ್ಡ್ ಮಾಡಿಸಲು ಬರುವುದಿಲ್ಲ. ಅಲ್ಲಿಯವರೆಗೆ ವಿಸಿಟರ್ ವೀಸಾದ ಮೇಲೆ ಬಂದರೆ ಎರಡೂ ಕಡೆ ಇನ್ಶೂರೆನ್ಸ್ ನೀನೇ ಕೊಳ್ಳಬೇಕು. ಆದರೆ ರಾಜ್ಯ ಎಂಥದು ಎಂಬುದು ಇಲ್ಲೇ ಗೊತ್ತಾಗುವುದು. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇಡನ್ನು ವಿಸ್ತರಿಸಿದರೆ ಖರ್ಚಿನ 90% ಕೇಂದ್ರವೇ ಕೊಡುತ್ತದೆ, ಕ್ಯಾಲಿಫೋರ್ನಿಯಾ ಒಪ್ಪಿತು, ಟೆಕ್ಸಾಸ್ ಒಪ್ಪಲಿಲ್ಲ. ಮಕ್ಕಳಿಲ್ಲದ, ಗರ್ಭಿಣಿಯೂ ಅಲ್ಲದ, ಅಂಗವಿಕಲತೆಯೂ ಇಲ್ಲದ, 65 ತುಂಬದ ವಯಸ್ಕರಿಗೆ ಎಷ್ಟೇ ಬಡತನವಿದ್ದರೂ ಇಲ್ಲಿ ಅದು ಸಿಗುವುದಿಲ್ಲ. ನನ್ನ ಮಗ ಹೋಗುತ್ತಿದ್ದ ಡೇಕೇರಿನಲ್ಲಿ ಅರ್ಧ ದಿನ ದುಡಿಯುತ್ತಿದ್ದ ಒಬ್ಬರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ನನ್ನ ಸಂಬಳದಲ್ಲಿ ಉಳಿದ ದುಡ್ಡನ್ನು ಎಣಿಸುವಾಗ ಅವರ ಮುಖ ಎಷ್ಟೋ ಸಲ ಕಣ್ಣಮುಂದೆ ಬಂದಿದೆ.

ಇಷ್ಟಾದರೂ ನನಗೆ ಈ ಊರು ಒಗ್ಗಿದೆ, ನಿನಗೂ ಒಗ್ಗಬಹುದು. ಬರುವುದಾದರೆ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ವಿಳಾಸ ಕಳಿಸು. ರಸ್ತೆಯ ಈಚೆಗೆ ಒಂದು ಸ್ಕೂಲ್ ಡಿಸ್ಟ್ರಿಕ್ಟ್, ಆಚೆಗೆ ಇನ್ನೊಂದು ಇರುತ್ತದೆ, ನಾನು ನೋಡಿ ಹೇಳುತ್ತೇನೆ. ಆಗಸ್ಟ್ ಮೊದಲ ವಾರಗಳಲ್ಲಿ ಒಂದು ವಾರಾಂತ್ಯ 100 ಡಾಲರಿನೊಳಗಿನ ಬಟ್ಟೆ, ಸ್ಕೂಲ್ ಬ್ಯಾಗಿಗೆ ಸೇಲ್ಸ್ ಟ್ಯಾಕ್ಸ್ ಇರುವುದಿಲ್ಲ. ಮಗಳಿಗೆ ಬೇಕಾದ್ದನ್ನು ಆಗ ಕೊಳ್ಳೋಣ, ನಾನೂ ಜೊತೆಗೆ ಬರುತ್ತೇನೆ.