ಬೆಂಡೆಯ ಜಿಗಿಹುಳು ಸಮುದ್ರ ದಾಟಿದ್ದು ಹೇಗೆ?

ಪ್ರಶ್ನೆ: ಬೆಂಡೆ, ಹತ್ತಿ, ಬದನೆಯಲ್ಲಿ ನಾವು ದಿನಬೆಳಗಾದರೆ ನೋಡುವ ಹಸಿರು ಜಿಗಿಹುಳು ಅಮೆರಿಕದಲ್ಲಿ ಈಗ ಹೊಸ ಪೀಡೆಯಂತೆ. ಅಕ್ಕಿಕಾಳಿಗಿಂತ ಚಿಕ್ಕ ಹುಳು ಅಷ್ಟು ದೂರ ಹೋದದ್ದು ಹೇಗೆ? ಅಲ್ಲಿ ಅದರ ಕಾಟ ನಮ್ಮಲ್ಲಿಗಿಂತ ಜೋರೇ?

ಉತ್ತರ: ನೀವು ಕೇಳಿದ್ದು ನಿಜ. ವಿಜ್ಞಾನಿಗಳು ಅದನ್ನು ಅಮ್ರಾಸ್ಕಾ ಬಿಗುಟ್ಟುಲಾ ಎನ್ನುತ್ತಾರೆ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು 2018ರಲ್ಲಿ ಬಂದು ನಮ್ಮ ಮೆಕ್ಕೆಜೋಳ ಮೇಯ್ದದ್ದು ನೆನಪಿರಬೇಕು. ಈ ಸಲ ಇಲ್ಲಿಯದು ಅಲ್ಲಿಗೆ ಹೋಗಿದೆ! 2022ರಲ್ಲಿ ಪಶ್ಚಿಮ ಆಫ್ರಿಕಾದ ಹತ್ತಿ ಹೊಲಗಳನ್ನು ಹಾಳುಗೆಡವಿತು. 2023ರಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊ, 2024ರ ಕೊನೆಗೆ ಅಮೆರಿಕದ ಫ್ಲಾರಿಡಾ, 2025ರಲ್ಲಿ ಜಾರ್ಜಿಯಾ, ಸೌತ್ ಕ್ಯಾರೊಲಿನಾ, ಅಲಬಾಮಾ.

ರೆಕ್ಕೆ ಇದೆ ನಿಜ, ಆದರೆ ಸಾಗರ ದಾಟುವಷ್ಟು ಕಸುವು ಅದಕ್ಕಿಲ್ಲ. ಗುಟ್ಟು ಇರುವುದು ಬಹುಶಃ ಮೊಟ್ಟೆಯಲ್ಲಿ. ಹೆಣ್ಣು ಹುಳು ಎಲೆಯ ನರವನ್ನು ಸೀಳಿ ಮೊಟ್ಟೆಯನ್ನು ಅದರೊಳಗೇ ತುರುಕುತ್ತದೆ. ಹೊರಗೆ ಏನೂ ಕಾಣದು. ಊರಿಂದೂರಿಗೆ ಸಾಗಿಸುವ ಗಿಡದ ಎಲೆ ಮಗುಚಿ, ಭೂತಗನ್ನಡಿ ಹಿಡಿದು ನೋಡಿದ ತಪಾಸಣೆಯವನೂ ‘ಚೊಕ್ಕವಾಗಿದೆ’ ಎಂದೇ ಮುದ್ರೆ ಒತ್ತುತ್ತಾನೆ, ಅವನ ತಪ್ಪೇನಿಲ್ಲ. ಸುಮಾರು ವಾರದಲ್ಲಿ ಮರಿ ಹೊರಬೀಳುತ್ತದೆ. ಅಮೆರಿಕದೊಳಗೆ ಅದು ರಾಜ್ಯದಿಂದ ರಾಜ್ಯಕ್ಕೆ ಹಬ್ಬಲು ನರ್ಸರಿಗಳ ದಾಸವಾಳದ ಗಿಡಗಳೂ ವಾಹನವಾದವು. ಹತ್ತಿ, ಬೆಂಡೆ, ದಾಸವಾಳ ಮೂರೂ ಒಂದೇ ಕುಟುಂಬದವು ತಾನೆ, ಹುಳುವಿಗೆ ಎಲ್ಲವೂ ನೆಂಟರ ಮನೆಯೇ.

ಇನ್ನು ಕಾಟದ ವಿಷಯ. ಹುಳು ಅದೇ, ಎಲೆ ಬೇರೆ. ಎಲೆಯ ಅಡಿಭಾಗದಲ್ಲಿ ಉದ್ದವಾದ, ಒತ್ತಾದ ರೋಮಗಳಿದ್ದರೆ ಜಿಗಿಹುಳುವಿಗೆ ಸೊಂಡಿಲು ಊರುವುದೂ ಮೊಟ್ಟೆಯಿಡುವುದೂ ಕಷ್ಟ. ಅದಕ್ಕೇ ನಮ್ಮಲ್ಲಿ ಹತ್ತಿ ತಳಿ ಆರಿಸುವಾಗ ರೋಮವಿದೆಯೇ ಎಂದು ನೋಡುವುದು ಹಳೆಯ ಪದ್ಧತಿ. ಅಮೆರಿಕದಲ್ಲಿ ಹತ್ತಿ ಬಿಡಿಸುವುದು ಯಂತ್ರ. ರೋಮಭರಿತ ಎಲೆಯ ಚೂರು ಅರಳೆಗೆ ಅಂಟಿ ಕಸ ಹೆಚ್ಚುತ್ತದೆ, ಬೆಲೆ ಇಳಿಯುತ್ತದೆ. ಹಾಗಾಗಿ ಅಲ್ಲಿ ನುಣುಪು ಎಲೆಯ ತಳಿಗಳಿಗೆ ಒಲವು. ಒಂದು ಅನುಕೂಲಕ್ಕಾಗಿ ಆರಿಸಿಕೊಂಡ ಗುಣವೇ ಈ ಅತಿಥಿಗೆ ಹಾಸಿಕೊಟ್ಟ ಚಾಪೆಯಾಯಿತು ಎಂದು ನನಗನ್ನಿಸುತ್ತದೆ. ಬಿಟಿ ಹತ್ತಿಯೂ ನೆರವಿಗೆ ಬರದು. ಅದು ಕಾಯಿಕೊರಕ ಹುಳುಗಳಿಗೆ ಮದ್ದು, ರಸ ಹೀರುವವಕ್ಕಲ್ಲ.

ಲಕ್ಷಣ ನಿಮಗೆ ಗೊತ್ತಿರುವುದೇ. ಜೊಲ್ಲಿನ ನಂಜಿಗೆ ಎಲೆಯ ಅಂಚು ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ಸುಟ್ಟಂತಾಗಿ ಕೆಳಕ್ಕೆ ಮುದುಡುತ್ತದೆ. ಪೋಷಕಾಂಶದ ಕೊರತೆಯೆಂದು ಗೊಬ್ಬರ ಸುರಿಯುವವರಿದ್ದಾರೆ. ಎಲೆ ತಿರುಗಿಸಿ ನೋಡಿ: ತಿಳಿ ಹಸಿರು ಮರಿಗಳು ಏಡಿಯಂತೆ ಅಡ್ಡಡ್ಡ ಓಡಿದರೆ ಸಂಶಯವೇ ಬೇಡ. ಬೆಳೆದ ಹುಳುವಿನ ಎರಡೂ ರೆಕ್ಕೆಗಳ ತುದಿಯ ಬಳಿ ಒಂದೊಂದು ಕಪ್ಪು ಚುಕ್ಕೆಯಿರುತ್ತದೆ.

ಹೊರಗಿನಿಂದ ದಾಸವಾಳದ ಗಿಡ ತಂದಾಗ ಕುತೂಹಲಕ್ಕೆ ಒಂದು ಕೆಲಸ ಮಾಡಿ. ಹುಳುವಿಲ್ಲದ ಎಲೆಯೊಂದನ್ನು ಕಿತ್ತು ತೊಟ್ಟನ್ನು ನೀರಿಗಿಟ್ಟು, ಮೇಲೆ ತೆಳುಬಟ್ಟೆ ಕಟ್ಟಿ. ಎಂಟು ಹತ್ತು ದಿನ ಬಿಟ್ಟು ಬಟ್ಟೆಯ ಒಳಮೈ ನೋಡಿ.