ಕತ್ತಾಳೆ ಹಾಕುವ ಮುನ್ನ ಯಂತ್ರ ಗೊತ್ತು ಮಾಡಿಕೊಳ್ಳಿ

ಪ್ರಶ್ನೆ: ಮಾಗಡಿ ಬಳಿ ನಮಗೆ ಎರಡು ಎಕರೆ ಗರಸು ಭೂಮಿಯಿದೆ, ಬೋರ್‌ವೆಲ್ ಬತ್ತಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವುದರಿಂದ ವಾರಕ್ಕೊಮ್ಮೆ ಮಾತ್ರ ಅಲ್ಲಿಗೆ ಹೋಗಬಲ್ಲೆ. ನಾರಿಗಾಗಿ ಕತ್ತಾಳೆ ಬೆಳೆಯಬಹುದೇ? ರೈಲು ಹಳಿಯ ಪಕ್ಕದ ಗಿಡಗಳಿಂದ ಮರಿ ತರಬಹುದೇ?
– ಓದುಗರು, ವಿಜಯನಗರ

ಉತ್ತರ: ನಿಮ್ಮ ಭೂಮಿಗೆ ಈ ಗಿಡ ಒಗ್ಗುತ್ತದೆ. ಕತ್ತಾಳೆಯು ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುವುದರಿಂದ ಬಹಳ ಕಡಿಮೆ ನೀರಿನಲ್ಲಿ ಬದುಕುತ್ತದೆ. ಅದಕ್ಕೆ ಆಗದಿರುವುದು ಬುಡದಲ್ಲಿ ನೀರು ನಿಲ್ಲುವುದು. ಇಳಿಜಾರಿನ ಗರಸು ನೆಲದಲ್ಲಿ ಆ ಭಯವಿಲ್ಲ. ಆದರೆ ಮರಿಗಳನ್ನು ಕಣ್ಣಿಗೆ ಬಿದ್ದಲ್ಲಿಂದ ತರಬೇಡಿ. ಬೇಲಿಗಳಲ್ಲಿ ಕಾಣುವ, ಅಗಲವಾದ ಬೂದು ಬಣ್ಣದ ಪಟ್ಟೆಯ (ಎಲೆಯ) ಅಂಚಿನಲ್ಲಿ ಕೊಕ್ಕೆಮುಳ್ಳಿರುವ ಜಾತಿ ಬೇರೆ, ನಾರಿಗೆ ಬೇಕಾದ ಸಿಸಾಲ್ ಕತ್ತಾಳೆ ಬೇರೆ. ಸಿಸಾಲ್‌ನ ಪಟ್ಟೆ ಕತ್ತಿಯಂತೆ ನೇರವಾಗಿರುತ್ತದೆ. ಬಲಿತ ಗಿಡದಲ್ಲಿ ಅಂಚು ಬಹುಮಟ್ಟಿಗೆ ನುಣುಪಾಗಿದ್ದು ತುದಿಯಲ್ಲಿ ಮಾತ್ರ ಕಪ್ಪು ಮುಳ್ಳಿರುತ್ತದೆ. ಒಡಿಶಾದ ಬಾಮ್ರಾದಲ್ಲಿ ಈ ಬೆಳೆಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರವಿದ್ದು, ಸಸಿಯ ಬಗ್ಗೆ ಅಲ್ಲಿ ವಿಚಾರಿಸುವುದು ಒಳ್ಳೆಯದು.

ಈ ಗಿಡ ಬೀಜದಿಂದಲ್ಲ, ಬುಡದ ಕಂದುಗಳಿಂದ ಮತ್ತು ಹೂಗಂಬದ ಮೇಲೆ ಮೂಡುವ ಪುಟ್ಟ ಮರಿಗಳಿಂದ ಹೆಚ್ಚುತ್ತದೆ. 1893ರಲ್ಲಿ ರಿಚರ್ಡ್ ಹಿಂಡಾರ್ಫ್ ಎಂಬ ಜರ್ಮನ್ ಕೃಷಿತಜ್ಞರು ಫ್ಲಾರಿಡಾದಿಂದ ಇಂದಿನ ತಾಂಜಾನಿಯಾಕ್ಕೆ ತರಿಸಿದ ಸಾವಿರ ಮರಿಗಳಲ್ಲಿ ಉಳಿದವು 62 ಮಾತ್ರ. ಅಲ್ಲಿನ ಕತ್ತಾಳೆ ಉದ್ಯಮ ಬೆಳೆದದ್ದು ಆ 62 ಗಿಡಗಳಿಂದ. ಹೀಗಾಗಿ ಸರಿಯಾದ ಜಾತಿಯ ಕೆಲವೇ ಗಿಡ ಸಿಕ್ಕರೂ ತಾಳ್ಮೆಯಿಂದ ಸಸಿಮಡಿ ಬೆಳೆಸಬಹುದು. ಒಂದು ಮೀಟರ್ ಅಂತರದ ಜೋಡಿ ಸಾಲು, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಒಂದು ಮೀಟರ್, ಎರಡು ಜೋಡಿಗಳ ನಡುವೆ ಮೂರೂವರೆ ಮೀಟರ್ ಬಿಟ್ಟರೆ ಎಕರೆಗೆ ಸುಮಾರು 1,800 ಗಿಡ ಹಿಡಿಯುತ್ತವೆ. ನಡುವಿನ ಜಾಗದಲ್ಲಿ ಮೊದಲ ವರ್ಷಗಳಲ್ಲಿ ಹುರುಳಿಯನ್ನೋ ಅಲಸಂದೆಯನ್ನೋ ಬಿತ್ತಿಕೊಳ್ಳಿ, ಏಕೆಂದರೆ ಮೊದಲ ಕಟಾವಿಗೆ ಸುಮಾರು ಮೂರು ವರ್ಷ ಕಾಯಬೇಕಾಗುತ್ತದೆ.

ಆ ಮೂರು ವರ್ಷ ನೀವು ವಾರಕ್ಕೊಮ್ಮೆ ಹೋದರೆ ಸಾಕು; ಕಟಾವು ಆರಂಭವಾದ ಮೇಲೆ ಸಾಲದು. ಕೊಯ್ದ ಪಟ್ಟೆಯಿಂದ ಅದೇ ದಿನ, ತಪ್ಪಿದರೆ ಮರುದಿನದೊಳಗೆ ನಾರು ತೆಗೆಯದಿದ್ದರೆ ಒಳಗಿನ ತಿರುಳು ಒಣಗಿ ಎಳೆಗಳಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಎಷ್ಟು ತೊಳೆದರೂ ಬಿಡುವುದಿಲ್ಲ. ಒಂದು ಕ್ವಿಂಟಲ್ ಹಸಿ ಪಟ್ಟೆಯಿಂದ ಸಿಗುವ ಒಣನಾರು ಮೂರು–ನಾಲ್ಕು ಕಿಲೋ ಮಾತ್ರ. ಇಷ್ಟು ಸ್ವಲ್ಪ ನಾರಿಗಾಗಿ ಅಷ್ಟು ತೂಕವನ್ನು ದೂರ ಸಾಗಿಸಿದರೆ ಬಾಡಿಗೆಯೇ ಆದಾಯವನ್ನು ತಿಂದುಬಿಡುತ್ತದೆ, ಆದ್ದರಿಂದ ಪಟ್ಟೆಯನ್ನು ಹೆರೆದು ನಾರು ತೆಗೆಯುವ ಯಂತ್ರ ಹೊಲದ ಸಮೀಪದಲ್ಲಿಯೇ ಇರಬೇಕು. ಎರಡು ಎಕರೆಗಾಗಿ ಒಬ್ಬರೇ ಯಂತ್ರ ಕೊಳ್ಳುವುದು ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಕ್ಕಪಕ್ಕದ ನಾಲ್ಕಾರು ರೈತರು ಕೂಡಿದರೆ ಮುಂದುವರಿಯಿರಿ; ಇಲ್ಲವಾದರೆ ಸದ್ಯಕ್ಕೆ ಬದುಗಳ ಮೇಲಷ್ಟೇ ನೆಡಿ, ಮಣ್ಣಾದರೂ ಉಳಿಯುತ್ತದೆ. ಕಟಾವಿನಲ್ಲಿ ಕೆಳಗಿನ, ಹೊರಕ್ಕೆ ಬಾಗಿದ ಪಟ್ಟೆಗಳನ್ನಷ್ಟೇ ಕೊಯ್ದು, ಸುಳಿಯ ಸುತ್ತ ಇಪ್ಪತ್ತಾದರೂ ಉಳಿಸಬೇಕು. ಗಿಡವು ಒಮ್ಮೆ ಹೂಗಂಬ ಎಬ್ಬಿಸಿ ಸಾಯುವ ಮುನ್ನ 200ರಿಂದ 250 ಪಟ್ಟೆ ಕೊಡಬಲ್ಲದು; ಆಸೆಬಿದ್ದು ಬೋಳಿಸಿದರೆ ಅಷ್ಟು ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಮಹಿಳಾ ಸಂಘದವರು ಕತ್ತಾಳೆ ನಾರಿನಿಂದ ಚೀಲ, ಮ್ಯಾಟ್ ಮಾಡುತ್ತೇವೆ. ಈಚೆಗೆ ತರಿಸಿದ ನಾರು ಹಳದಿಯಾಗಿದ್ದು, ನಡುನಡುವೆ ಕಡ್ಡಿಯಂತೆ ಬಿರುಸಾಗಿದೆ. ಬಣ್ಣವೂ ಸಮವಾಗಿ ಹಿಡಿಯುತ್ತಿಲ್ಲ.
– ಓದುಗರು, ರಾಜಾಜಿನಗರ

ಉತ್ತರ: ಒಂದು ಹಿಡಿ ನಾರನ್ನು ಉದ್ದಕ್ಕೆ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಬಿರುಸು ಸರಿಯಾಗಿ ಮಧ್ಯದಲ್ಲಿ, ನಾಲ್ಕು ಬೆರಳಗಲ ಪಟ್ಟಿಯಾಗಿ ಕಂಡರೆ ತಪ್ಪು ಯಂತ್ರದ ಮುಂದೆ ನಡೆದಿದೆ. ಕೈಯಿಂದ ಉಣಿಸುವ ಯಂತ್ರದಲ್ಲಿ ಪಟ್ಟೆಯ ಅರ್ಧವನ್ನು ಒಳಗೆ ಬಿಟ್ಟು, ಹಿಂದಕ್ಕೆಳೆದು, ತಿರುಗಿಸಿ ಉಳಿದರ್ಧವನ್ನು ಕೊಡುತ್ತಾರೆ. ಎರಡನೆಯ ಸಲ ನಡುಭಾಗವನ್ನು ದಾಟಿಸಿ ಕೊಡದಿದ್ದರೆ ಕೈ ಹಿಡಿದಿದ್ದ ಜಾಗ ಹೆರೆಯದೆ ಉಳಿಯುತ್ತದೆ. ಬಿರುಸು ಬುಡದ ತುದಿಯಲ್ಲಿದ್ದರೆ, ಅಲ್ಲಿನ ದಪ್ಪ ಭಾಗ ಚೆನ್ನಾಗಿ ಜಜ್ಜಿಲ್ಲವೆಂದು ತಿಳಿಯಬೇಕು. ಇಡೀ ಎಳೆ ಹಳದಿಯಾಗಿದ್ದರೆ ತೊಳೆಯುವುದು ತಡವಾಗಿದೆ, ಅಥವಾ ಒದ್ದೆ ನಾರನ್ನು ಹರವದೆ ರಾಶಿ ಹಾಕಿದ್ದಾರೆ. ನಾರು ತೆಗೆದ ಕೂಡಲೇ ಶುದ್ಧ ನೀರಿನಲ್ಲಿ ಜಾಲಿಸಿ, ನೆಲಕ್ಕೆ ಹಾಕದೆ ತಂತಿಯ ಮೇಲೆ ತೆಳುವಾಗಿ ಹರವಿ ಬಿಸಿಲಿನಲ್ಲಿ ಒಣಗಿಸಿದರೆ ಕೆನೆಬಿಳುಪು ತಾನಾಗಿ ಬರುತ್ತದೆ. ಈಗಾಗಲೇ ಕೊಂಡ ನಾರನ್ನು ನೆನೆಸಿ ತೊಳೆದು ಬಾಚಿದರೆ ಸ್ವಲ್ಪ ಸುಧಾರಿಸೀತು, ಆದರೆ ಹೆರೆಯದ ಪಟ್ಟಿಯನ್ನು ಕತ್ತರಿಸಿ ತೆಗೆಯದೆ ಬಣ್ಣಕ್ಕೆ ಹಾಕಬೇಡಿ. ಮುಂದಿನ ಸಲ ಹಣ ಕೊಡುವ ಮೊದಲೇ ಕಟ್ಟನ್ನು ಬಿಚ್ಚಿಸಿ ಒಳಗಿನ ಎಳೆಗಳನ್ನು ಮುಟ್ಟಿ ನೋಡಿ.

ಪ್ರಶ್ನೆ: ಯಂತ್ರವಿಲ್ಲದೆ, ಪಟ್ಟೆಗಳನ್ನು ಊರಿನ ಕೆರೆಯಲ್ಲಿ ಕೊಳೆಹಾಕಿ ನಾರು ತೆಗೆಯಬಹುದೇ?
– ಓದುಗರು, ಕನಕಪುರ ರಸ್ತೆ

ಉತ್ತರ: ಕೆರೆಯಲ್ಲಿ ಖಂಡಿತ ಬೇಡ. ಕತ್ತಾಳೆಯ ರಸದಲ್ಲಿರುವ ನೊರೆಯುಕ್ಕಿಸುವ ಸಪೋನಿನ್ ಮೀನುಗಳಿಗೆ ವಿಷ, ಮತ್ತು ಕೊಳೆಯುವ ತಿರುಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ಹೀರಿಬಿಡುತ್ತದೆ. ಕೆಲವೇ ಪಟ್ಟೆಗಳಾದರೆ ಮನೆಯ ತೊಟ್ಟಿಯಲ್ಲಿ ನೆನೆಹಾಕಿ. ಎರಡು–ಮೂರು ವಾರ ಹಿಡಿಯುತ್ತದೆ, ವಾಸನೆಯೂ ಬರುತ್ತದೆ. ಹಸಿ ರಸ ಚರ್ಮಕ್ಕೆ ತಾಗಿದರೆ ತುರಿಕೆ ಏಳುವುದರಿಂದ ತುಂಬುತೋಳಿನ ಅಂಗಿ, ಕೈಗವಸು ಧರಿಸಿ, ಮೊದಲೇ ತುದಿಯ ಮುಳ್ಳನ್ನು ಕತ್ತರಿಸಿಕೊಳ್ಳಿ. ಉಳಿದ ತಿರುಳನ್ನು ಸಗಣಿಯೊಂದಿಗೆ ತಿಪ್ಪೆಗುಂಡಿಗೆ ಸೇರಿಸಿ, ಚೆನ್ನಾಗಿ ಕಳಿತ ಮೇಲೆ ಕತ್ತಾಳೆ ಸಾಲಿಗೇ ಹಾಕಿ. ಈ ಗಿಡ ನೆಲದಿಂದ ಸುಣ್ಣದಂಶವನ್ನು ಬಹಳವಾಗಿ ಎಳೆದುಕೊಳ್ಳುತ್ತದೆ.