ಟ್ರಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು) ಆಗಿರುವವರಿಗೆ ಉಸಿರಾಟದ ಸ್ನಾಯುಗಳ ವ್ಯಾಯಾಮ ಹೇಗೆ ಮಾಡಿಸುತ್ತಾರೆ?

ನಿಮ್ಮ ತಂದೆಯವರು ಮೂರು ವಾರದಿಂದ ವೆಂಟಿಲೇಟರ್ ಮೇಲಿದ್ದಾರೆ, ತೆಗೆದರೆ ಅರ್ಧ ಗಂಟೆಗೇ ಸುಸ್ತಾಗುತ್ತಾರೆ, ಫಿಸಿಯೋ ತಂದಿರುವ ಸ್ಪ್ರಿಂಗ್ ಕೊಳವೆಯಿಂದ ಏನಾಗುತ್ತದೆ ಅಂತ ಕೇಳಿದ್ದೀರಿ.

ಉಸಿರೆಳೆಯುವ ಮುಖ್ಯ ಸ್ನಾಯು ವಪೆ. ಮೆಷಿನ್ನೇ ಎಲ್ಲ ಮಾಡುತ್ತಿದ್ದರೆ ಅದು ಬೇಗ ಸೊರಗುತ್ತದೆ. 2008ರ ಅಧ್ಯಯನವೊಂದರಲ್ಲಿ 18ರಿಂದ 69 ಗಂಟೆ ಕೆಲಸವಿಲ್ಲದೆ ಇದ್ದ ವಪೆಯ ನಾರುಗಳು ಅರ್ಧಕ್ಕಿಂತ ಹೆಚ್ಚು ತೆಳುವಾಗಿದ್ದವು. ಆ ಕೊಳವೆಯ ಕವಾಟ, ಇಟ್ಟಷ್ಟು ಒತ್ತಡದಲ್ಲಿ ಎಳೆದರೆ ಮಾತ್ರ ತೆರೆಯುತ್ತದೆ. ಉಸಿರು ಬಿಡುವಾಗ ತಡೆ ಇಲ್ಲ.

ಮೊದಲು ಎಂಐಪಿ ಅಳೆಯುತ್ತಾರೆ, ಅಂದರೆ ರೋಗಿ ಎಳೆಯಬಲ್ಲ ಗರಿಷ್ಠ ಒತ್ತಡ. ಅದು 24 ಸೆಂ.ಮೀ. ನೀರು (ಇದು ಒತ್ತಡದ ಅಳತೆ) ಬಂದರೆ ಅರ್ಧ, 12ಕ್ಕೆ ಸ್ಪ್ರಿಂಗ್ ಇಡುತ್ತಾರೆ. ಸಕ್ಷನ್ ಮಾಡಿ (ಟ್ಯೂಬಿನೊಳಗಿನ ಕಫ ಹೀರಿ ತೆಗೆದು), ಬೆನ್ನು ಎತ್ತಿ ಕೂರಿಸಿ, ವೆಂಟಿಲೇಟರ್ ಬಿಡಿಸಿ ಟ್ಯೂಬಿಗೆ ಜೋಡಿಸಿ, 'ಪೂರ್ತಿ ಬಿಡಿ, ಈಗ ಜೋರಾಗಿ ಎಳೀರಿ' ಅನ್ನುತ್ತಾರೆ. 6 ಉಸಿರು, ಮತ್ತೆ ವೆಂಟಿಲೇಟರಿಗೆ ಹಾಕಿ ಒಂದೆರಡು ನಿಮಿಷ ವಿಶ್ರಾಂತಿ. ಹೀಗೆ 5 ಸೆಟ್, ದಿನಕ್ಕೊಮ್ಮೆ. ಆರನೇ ಉಸಿರು ಕಷ್ಟಪಟ್ಟು ಬರುವಂತಿರಬೇಕು. ಸಲೀಸಾಗಿ ಬಂದರೆ ಮರುದಿನ 1–2 ಸೆಂ.ಮೀ. ಏರಿಸುವುದು. ಭಾರ ಹೆಚ್ಚು, ಹೊತ್ತು ಕಡಿಮೆ: ಇದೇ ಇದರ ಗುಟ್ಟು.

ಹೆಚ್ಚಾಗಿ ಕೆಡುವುದು ಕಫ್‌ನಲ್ಲಿ (ಗಂಟಲ ಕಫವಲ್ಲ, ಟ್ಯೂಬಿನ ಸುತ್ತಲ ಬಲೂನು). ಅದರ ಒತ್ತಡ 20–30 ಸೆಂ.ಮೀ. ಇರಬೇಕು, ಕಡಿಮೆಯಾದರೆ ಗಾಳಿ ಪಕ್ಕದಿಂದ ನುಸುಳುತ್ತದೆ. ಎದೆ ಏರುತ್ತದೆ, ಕವಾಟ ಮಾತ್ರ ಅಲ್ಲಾಡುವುದಿಲ್ಲ. ಕಿವಿಗೊಟ್ಟರೆ ಗಂಟಲಲ್ಲಿ ಗೊರಗೊರ ಕೇಳುತ್ತದೆ, ಕವಾಟದ 'ಸುಯ್' ಇರುವುದಿಲ್ಲ. ಇನ್ನೊಂದು ತೊಡಕು: ಥ್ರೆಶೋಲ್ಡ್ ಐಎಂಟಿ ಎಂಬ ಸ್ಪ್ರಿಂಗ್ ಕೊಳವೆಯ ಒತ್ತಡ ಶುರುವಾಗುವುದೇ 9 ಸೆಂ.ಮೀ.ಯಿಂದ. ತೀರಾ ನಿಶ್ಶಕ್ತರಿಗೆ ಅದೂ ತೆರೆಯದು. ಆಗ 4ರಿಂದ ಶುರುವಾಗುವ ಥ್ರೆಶೋಲ್ಡ್ ಪೆಪ್ (ಉಸಿರು ಬಿಡುವಾಗ ತಡೆ ಕೊಡುವ ಕೊಳವೆ) ಅನ್ನು ತಿರುಗಿಸಿ ಜೋಡಿಸುವುದುಂಟು. ಕೆಲವರು ವೆಂಟಿಲೇಟರಿನ ಟ್ರಿಗರ್ (ರೋಗಿ ಎಷ್ಟು ಎಳೆದರೆ ಮೆಷಿನ್ ಗಾಳಿ ಕೊಡಬೇಕೆಂಬ ಮಿತಿ) ಗಟ್ಟಿ ಮಾಡಿ ಇದೇ ವ್ಯಾಯಾಮ ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ: ಭಾರ ಬೀಳುವುದು ಮೊದಲ ಕ್ಷಣ ಮಾತ್ರ, ಆಮೇಲೆ ಮೆಷಿನ್ನೇ ಗಾಳಿ ನೂಕುತ್ತದೆ.

ರೋಗಿ ಎಚ್ಚರವಿದ್ದು ಹೇಳಿದ್ದು ಕೇಳುವಂತಿರಬೇಕು. ಆಕ್ಸಿಜನ್ 60% ಮೀರಿ ಬೇಕಿದ್ದರೆ ಕಾಯುವುದೇ ಸರಿ. ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 90%ಕ್ಕಿಂತ ಇಳಿದರೆ, ಉಸಿರು ನಿಮಿಷಕ್ಕೆ 35 ದಾಟಿದರೆ, ಬೆವರಿದರೆ ಅಲ್ಲಿಗೇ ನಿಲ್ಲಿಸುತ್ತಾರೆ.

ಫ್ಲಾರಿಡಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ 69 ರೋಗಿಗಳ ಪ್ರಯೋಗದಲ್ಲಿ, ವ್ಯಾಯಾಮ ಮಾಡಿದವರಲ್ಲಿ 71% ಜನ ವೆಂಟಿಲೇಟರ್ ಬಿಟ್ಟರು, ಹೆಸರಿಗಷ್ಟೇ ಮಾಡಿದವರಲ್ಲಿ 47%. ಅಂದರೆ ಎಲ್ಲರಿಗೂ ಫಲಿಸಲಿಲ್ಲ. ನಾಳೆ ರೌಂಡ್ಸ್‌ಗೆ ಬಂದಾಗ ತಂದೆಯವರ ಎಂಐಪಿ ಎಷ್ಟು, ಸ್ಪ್ರಿಂಗ್ ಎಷ್ಟಕ್ಕಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.